ಪದಕ ಕೇಳುವ ಮೊದಲು ದಾಖಲೆ ಕೇಳಿ

ಸೇವೆಗೆ ಸಲ್ಲಬೇಕಿದ್ದ ಪದಕ ಕೈಸೇರದ ಮಾಜಿ ಸೈನಿಕರು ಮತ್ತು ಅವರ ಕುಟುಂಬದವರು ಯಾರಿಗೆ, ಯಾವ ಕ್ರಮದಲ್ಲಿ ಅರ್ಜಿ ಬರೆಯಬೇಕು?

ಬೆಂಗಳೂರಿನ ಉತ್ತರ ಭಾಗಕ್ಕೂ ಸೇನೆಗೂ ಹಳೆಯ ನಂಟು. ಯಲಹಂಕದಲ್ಲಿ ವಾಯುನೆಲೆ, ಹೆಬ್ಬಾಳದಲ್ಲಿ ವಾಯುಪಡೆಯ ತರಬೇತಿ ಕಮಾಂಡಿನ ಮುಖ್ಯ ಕಚೇರಿ, ಆರ್.ಟಿ. ನಗರದ ಮಗ್ಗುಲಲ್ಲೇ ಇರುವ ಜೆ.ಸಿ. ನಗರದಲ್ಲಿ ಪ್ಯಾರಾಚೂಟ್ ರೆಜಿಮೆಂಟ್ ತರಬೇತಿ ಕೇಂದ್ರ, ಯಶವಂತಪುರ ದಾಟಿದರೆ ಜಾಲಹಳ್ಳಿಯ ವಾಯುಪಡೆ ಶಿಬಿರಗಳು. ಸಮವಸ್ತ್ರ ಕಳಚಿದ ಮೇಲೆ ಇಲ್ಲೇ ಮನೆ ಕಟ್ಟಿಕೊಂಡು ಉಳಿದವರೂ ಬಹಳ. ಅವರಲ್ಲಿ ಕೆಲವರ ಡಿಸ್ಚಾರ್ಜ್ ಬುಕ್ ತೆರೆದರೆ ಪದಕಗಳ ಪುಟದಲ್ಲಿ ಇರಬೇಕಾದ ಸಾಲು ಇರುವುದಿಲ್ಲ. ಇನ್ನು ಕೆಲವರಿಗೆ ಸಾಲು ಇದ್ದರೂ ಪದಕ ಬಂದಿರುವುದಿಲ್ಲ. ‘ನನಗೆ ಪದಕ ಕೊಟ್ಟಿಲ್ಲ, ದಯವಿಟ್ಟು ಕಳುಹಿಸಿ’ ಎಂಬ ಒಂದೇ ಒಕ್ಕಣೆಯ ಪತ್ರ ಈ ಇಬ್ಬರಿಗೂ ಸಾಲದು. ಪದಕವೆಂಬುದು ಕಚೇರಿಯ ಲೆಕ್ಕದಲ್ಲಿ ಒಂದು ನಮೂದಿನ ಫಲ. ನಮೂದು ಇಲ್ಲದಿದ್ದರೆ ಎಷ್ಟು ಪತ್ರ ಬರೆದರೂ ಗುಮಾಸ್ತನ ಕೈಯಲ್ಲಿ ಉತ್ತರವಿಲ್ಲ. ನಮೂದು ಇದ್ದರೆ ಕೆಲಸ ಮುಕ್ಕಾಲು ಮುಗಿದಂತೆ. ಆದ್ದರಿಂದ ಮೊದಲು ದಾಖಲೆ, ಆಮೇಲೆ ಪದಕ ಎಂಬ ಕ್ರಮ ಹಿಡಿಯುವುದೇ ಸರಿ.

‘ದಾಖಲೆಯಲ್ಲಿ ಇಲ್ಲವೆಂದರೆ ಅರ್ಹತೆಯೇ ಇರಲಿಲ್ಲ’ ಎಂಬ ವಾದವನ್ನು ಆರಂಭದಲ್ಲೇ ಎದುರಿಸಬೇಕು. ದಾಖಲೆಯ ಮೌನ ತೀರ್ಪಲ್ಲ ಎಂಬುದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಪ್ರಕರಣಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ಟೇರ್ ವಿಮಾನಗಳ ಜತೆ ಸ್ಟ್ಯಾಂಡ್‌ಬೈ ಆಗಿದ್ದ ಅವರೂ ಸೇರಿಕೊಂಡರು, ಮರಳಿ ಬರಲಿಲ್ಲ. ನಮ್ಮ ಕಡತಗಳಲ್ಲಿ ಅವರು ಕಾಣೆಯಾದವರು, ಅಷ್ಟೇ. ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಅವರು ಹೊಡೆದುರುಳಿಸಿದ್ದರೆಂಬ ಸುಳಿವು ಸಿಕ್ಕಿದ್ದು ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ವಾಯುಪಡೆ ಆ ಸುಳಿವಿನ ಬೆನ್ನುಹತ್ತಿ ಪರಿಶೀಲಿಸಿದ ಮೇಲೆ, 1988ರಲ್ಲಿ, ಅಂದರೆ 23 ವರ್ಷಗಳ ನಂತರ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಅದು ಶೌರ್ಯ ಪದಕ, ಇಲ್ಲಿ ಮಾತಾಡುತ್ತಿರುವುದು ಸೇವಾ ಪದಕ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಈ ವ್ಯತ್ಯಾಸ ಅರ್ಜಿದಾರನ ಪರವಾಗಿಯೇ ಇದೆ. ಶೌರ್ಯವನ್ನು ಯಾರೋ ಕಂಡು, ಶಿಫಾರಸು ಮಾಡಿ, ಮೇಲಿನವರು ಅಳೆದು ತೂಗಬೇಕು. ಸೇವಾ ಪದಕಕ್ಕೆ ಬೇಕಾದ್ದು ಎರಡೇ ಸಂಗತಿ: ಯಾವ ದಿನಾಂಕದಲ್ಲಿ, ಯಾವ ಜಾಗದಲ್ಲಿ ಇದ್ದರು ಎಂಬುದು. ಅಷ್ಟನ್ನು ಸಾಬೀತು ಮಾಡಿದರೆ ಅದು ಕೃಪೆಯಲ್ಲ, ಸಲ್ಲಬೇಕಾದ ಬಾಕಿ.

ಹೆಜ್ಜೆ 1: ನಿಮ್ಮದು ಯಾವ ಬಗೆಯ ಕೊರತೆ?

ಕೊರತೆ ಮೂರು ಬಗೆ. ಒಂದು, ಡಿಸ್ಚಾರ್ಜ್ ಬುಕ್ಕಿನಲ್ಲಿ ಪದಕದ ಹೆಸರಿದೆ, ಪದಕ ಮಾತ್ರ ಕೈಗೆ ಬಂದಿಲ್ಲ. ಪದಕಗಳ ತಯಾರಿಕೆ, ಪೂರೈಕೆ ವರ್ಷಗಟ್ಟಲೆ ಹಿಂದೆ ಬಿದ್ದದ್ದೇ ಇದಕ್ಕೆ ಸಾಮಾನ್ಯ ಕಾರಣ. ಎರಡು, ಸೇವೆ ಸಲ್ಲಿಸಿದ್ದಾರೆ, ನಮೂದೇ ಇಲ್ಲ. ಮೂರು, ಪದಕ ಬಂದಿತ್ತು, ಕಳೆದುಹೋಗಿದೆ. ಮೊದಲನೆಯದಕ್ಕೆ ರವಾನೆ ಕೋರುವ ಪತ್ರ, ಎರಡನೆಯದಕ್ಕೆ ದಾಖಲೆ ತಿದ್ದುಪಡಿ ಕೋರುವ ಪತ್ರ, ಮೂರನೆಯದಕ್ಕೆ ಬದಲಿ ಪದಕ ಕೋರುವ ಪತ್ರ. ಕಳೆದುಹೋಗಿದ್ದರೆ ಪೊಲೀಸರ ಸ್ವೀಕೃತಿ ಬೇಕು. ಬೆಂಗಳೂರು ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ದೂರು ದಾಖಲಿಸಿ ಅದರ ಪ್ರತಿ ತೆಗೆದುಕೊಳ್ಳಿ, ಜತೆಗೊಂದು ಪ್ರಮಾಣಪತ್ರ (ಅಫಿಡವಿಟ್) ಇರಲಿ. ಬದಲಿ ಪದಕದ ಬೆಲೆಯನ್ನು ನೀವೇ ಕಟ್ಟಬೇಕಾಗಬಹುದು. ಮೂರನ್ನೂ ಒಂದೇ ಕಾಗದದಲ್ಲಿ ಬೆರೆಸಿದರೆ ಅದು ಮೇಜಿನಿಂದ ಮೇಜಿಗೆ ಅಲೆಯುತ್ತದೆ.

ಹೆಜ್ಜೆ 2: ಸೇವಾವಧಿಗೆ ಪದಕಗಳನ್ನು ಹೊಂದಿಸಿ

ನೆನಪಿಗಿಂತ ಇಸವಿಯನ್ನು ನಂಬಿ. ಒಂದು ಹಾಳೆಯ ಎಡಬದಿಯಲ್ಲಿ ಸೇರಿದ ದಿನಾಂಕದಿಂದ ಬಿಡುಗಡೆಯ ದಿನಾಂಕದವರೆಗೆ ಪ್ರತಿ ಪೋಸ್ಟಿಂಗ್ ಬರೆದುಕೊಳ್ಳಿ. ಬಲಬದಿಯಲ್ಲಿ ಆ ಕಾಲಕ್ಕೂ ಜಾಗಕ್ಕೂ ಸಲ್ಲುವ ಪದಕ ಬರೆಯಿರಿ. ಉದಾಹರಣೆಗೆ, 1988ರ ಜನವರಿಯಲ್ಲಿ ಸೇರಿ 2008ರ ಡಿಸೆಂಬರಿನಲ್ಲಿ ಹೊರಬಂದ ಸಿಪಾಯಿಯ ಲೆಕ್ಕ ನೋಡಿ: 9 ವರ್ಷದ ದೀರ್ಘಸೇವಾ ಪದಕ, 20 ವರ್ಷದ ದೀರ್ಘಸೇವಾ ಪದಕ, 1997ರ ಆಗಸ್ಟ್ 15ರಂದು ಸೇವೆಯಲ್ಲಿದ್ದ ಕಾರಣಕ್ಕೆ ಸ್ವಾತಂತ್ರ್ಯದ 50ನೇ ವರ್ಷದ ಪದಕ. 1999ರ ಕಾರ್ಗಿಲ್ ಕಾರ್ಯಾಚರಣೆಯ ವಲಯದಲ್ಲಿದ್ದರೆ ಆಪರೇಷನ್ ವಿಜಯ್ ಸ್ಟಾರ್ ಅಥವಾ ಮೆಡಲ್, 2001-02ರ ಗಡಿ ನಿಯೋಜನೆಯಲ್ಲಿದ್ದರೆ ಆಪರೇಷನ್ ಪರಾಕ್ರಮ್ ಮೆಡಲ್. 1971ರ ಯುದ್ಧದ ಕಾಲದವರು ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್‌ಗಳನ್ನೂ, 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದರೆ ಸ್ವಾತಂತ್ರ್ಯದ 25ನೇ ವರ್ಷದ ಪದಕವನ್ನೂ ನೋಡಬೇಕು. 1965ರವರು ಸಮರ ಸೇವಾ ಸ್ಟಾರ್, ರಕ್ಷಾ ಮೆಡಲ್‌ಗಳನ್ನು. ಪ್ರತಿಯೊಂದಕ್ಕೂ ಅದರದೇ ಷರತ್ತುಗಳಿವೆ. ಹಾಳೆಯಲ್ಲಿ ಬರೆದದ್ದೆಲ್ಲ ಸಿಕ್ಕೇಬಿಡುತ್ತದೆ ಎಂದಲ್ಲ, ವಿಚಾರಿಸಲು ಅದು ಆಧಾರ.

ಇಲ್ಲಿ ಬಹಳ ಮಂದಿ ಎಡವುವುದು ಸೈನ್ಯ ಸೇವಾ ಮೆಡಲ್ ವಿಚಾರದಲ್ಲಿ. 1960ರಲ್ಲಿ ಸ್ಥಾಪನೆಯಾದ ಈ ಪದಕ ಕಠಿಣ ಪ್ರದೇಶದ ಸೇವೆಗೆ ಸಲ್ಲುತ್ತದೆ. ಯಾವ ಪ್ರದೇಶ ಎಂಬುದನ್ನು ರಿಬ್ಬನ್ ಮೇಲೆ ಕೂರುವ ಪುಟ್ಟ ಲೋಹದ ಪಟ್ಟಿ, ಅಂದರೆ ಕ್ಲಾಸ್ಪ್, ಹೇಳುತ್ತದೆ: ಜಮ್ಮು-ಕಾಶ್ಮೀರ, ಹಿಮಾಲಯ, ಮರುಸ್ಥಲ, ಅಂಡಮಾನ್-ನಿಕೋಬಾರ್ ಹೀಗೆ. ಒಮ್ಮೆ ರಾಜಸ್ಥಾನದ ಮರಳಿನಲ್ಲಿದ್ದು ಪದಕ ಪಡೆದವರು ಮುಂದೆ ಹಿಮಾಲಯಕ್ಕೆ ಹೋದರೆ ಎರಡನೇ ಪದಕ ಬರುವುದಿಲ್ಲ, ಎರಡನೇ ಕ್ಲಾಸ್ಪ್ ಬರಬೇಕು. ‘ಪದಕ ಇದೆಯಲ್ಲ’ ಎಂದು ಸುಮ್ಮನಾದವರ ದಾಖಲೆಯಲ್ಲಿ ಕ್ಲಾಸ್ಪ್ ಬಿಟ್ಟುಹೋಗಿರುವ ಸಾಧ್ಯತೆ ಇರುತ್ತದೆ.

ಹೆಜ್ಜೆ 3: ಸರಿಯಾದ ಕಚೇರಿ ಹಿಡಿಯಿರಿ

ಮನೆ ಎಲ್ಲಿದೆ ಎಂಬುದರಿಂದ ಕಚೇರಿ ನಿರ್ಧಾರವಾಗುವುದಿಲ್ಲ, ಟೋಪಿಯ ಮೇಲಿನ ಲಾಂಛನದಿಂದ ಆಗುತ್ತದೆ. ಯಲಹಂಕ ವಾಯುನೆಲೆಯ ಗೋಡೆಗೆ ಅಂಟಿಕೊಂಡೇ ವಾಸವಿದ್ದರೂ ವಾಯುಪಡೆಯ ಏರ್‌ಮನ್ ಬರೆಯಬೇಕಾದ್ದು ದೆಹಲಿಯ ಸುಬ್ರತೊ ಪಾರ್ಕ್‌ನಲ್ಲಿರುವ ಏರ್ ಫೋರ್ಸ್ ರೆಕಾರ್ಡ್ ಆಫೀಸಿಗೆ. ನೌಕಾಪಡೆಯ ನಾವಿಕರಿಗೆ ಮುಂಬೈನ ಮಾನಖುರ್ದ್. ಭೂಸೇನೆಯ ಜವಾನರು, ಜೆಸಿಒಗಳಿಗೆ ಅವರವರ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸ್: ಮದ್ರಾಸ್ ಸ್ಯಾಪರ್ಸ್ ಎಂದೇ ಹೆಸರಾದ ಎಂಇಜಿ, ಪ್ಯಾರಾಚೂಟ್ ರೆಜಿಮೆಂಟ್, ಮಿಲಿಟರಿ ಪೊಲೀಸ್ ದಳಗಳದು ಬೆಂಗಳೂರಿನಲ್ಲೇ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್‌ನಲ್ಲಿ, ಫಿರಂಗಿ ದಳದ್ದು ನಾಸಿಕ್ ರೋಡಿನಲ್ಲಿ, ಸಿಗ್ನಲ್ಸ್‌ನದು ಜಬಲ್‌ಪುರದಲ್ಲಿ, ಇಎಂಇಯದು ಸಿಕಂದರಾಬಾದಿನಲ್ಲಿ. ರೆಜಿಮೆಂಟಿನಿಂದ ನಿವೃತ್ತರಾಗಿ ರಕ್ಷಣಾ ಭದ್ರತಾ ದಳ (ಡಿಎಸ್‌ಸಿ) ಸೇರಿದವರಿಗೆ ಎರಡು ಕಚೇರಿ: ಮೊದಲ ಸೇವೆಯ ಪದಕಕ್ಕೆ ಹಳೆಯ ರೆಜಿಮೆಂಟ್, ಎರಡನೆಯದಕ್ಕೆ ಕಣ್ಣೂರು. ಬ್ಯಾಂಕು, ಸ್ಪರ್ಶ್ ವ್ಯವಸ್ಥೆ ಇವೆಲ್ಲ ಪಿಂಚಣಿಗೆ ಸಂಬಂಧಪಟ್ಟವು. ಪದಕದ ಅರ್ಜಿಯನ್ನು ಅಲ್ಲಿ ಕೊಟ್ಟು ಕಾಯುವುದು ವ್ಯರ್ಥ. ಯಲಹಂಕದ ಸುತ್ತ ಸಿಆರ್‌ಪಿಎಫ್, ಬಿಎಸ್‌ಎಫ್‌ನಿಂದ ನಿವೃತ್ತರಾದವರೂ ಇದ್ದಾರೆ. ಆ ಪಡೆಗಳು ಗೃಹ ಸಚಿವಾಲಯದ ಅಧೀನ. ಅವರ ದಾರಿ ಬೇರೆ, ಮುಂದೆ ಹೇಳುವ ಮಾಹಿತಿ ಹಕ್ಕು ಮತ್ತು ನ್ಯಾಯಮಂಡಳಿಯ ಹೆಜ್ಜೆಗಳು ಅವರಿಗೆ ಹಾಗೆಯೇ ಅನ್ವಯಿಸವು.

ಹೆಜ್ಜೆ 4: ದಾಖಲೆಯಲ್ಲಿ ಏನಿದೆ ಎಂದು ಕೇಳಿ

ತಿದ್ದುಪಡಿ ಕೇಳುವ ಮುನ್ನ ತಿದ್ದಬೇಕಾದ್ದು ಏನೆಂದು ತಿಳಿದಿರಬೇಕು. ಭೂಸೇನೆಯಲ್ಲಿ ಪೋಸ್ಟಿಂಗ್, ಬಡ್ತಿ, ಮದುವೆ, ಮಕ್ಕಳು, ಪದಕ ಎಲ್ಲವೂ ‘ಪಾರ್ಟ್ ಟು ಆರ್ಡರ್’ ಮೂಲಕವೇ ಸೇವಾ ದಾಖಲೆಗೆ ಇಳಿಯುತ್ತವೆ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ರೆಕಾರ್ಡ್ಸ್ ಆಫೀಸಿನ ಮಾಹಿತಿ ಅಧಿಕಾರಿಗೆ ಹೀಗೆ ಕೇಳಿ: ‘ನನ್ನ ಸೇವಾ ದಾಖಲೆಯಲ್ಲಿ ನಮೂದಾಗಿರುವ ಎಲ್ಲ ಪದಕ ಮತ್ತು ಕ್ಲಾಸ್ಪ್‌ಗಳ ಪಟ್ಟಿ, ಪ್ರತಿಯೊಂದರ ಪಾರ್ಟ್ ಟು ಆರ್ಡರ್ ಸಂಖ್ಯೆ ಮತ್ತು ದಿನಾಂಕ, ಪದಕ ರವಾನೆಯಾಗಿದ್ದರೆ ಅದರ ವಿವರ, ನನ್ನ ಎಲ್ಲ ಪೋಸ್ಟಿಂಗ್‌ಗಳ ದಿನಾಂಕವಾರು ಪಟ್ಟಿ.’ ಏಕೆ ಕೊಟ್ಟಿಲ್ಲ ಎಂದು ಕೇಳಬೇಡಿ. ಕಾಯ್ದೆ ಕೊಡಿಸುವುದು ಇರುವ ಮಾಹಿತಿಯನ್ನು, ವಿವರಣೆಯನ್ನಲ್ಲ, ತಿದ್ದುಪಡಿಯನ್ನೂ ಅಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಹೊರರಾಜ್ಯದ ಕಚೇರಿಗೆ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಬರೆಯುವುದು ಕ್ಷೇಮ.

ಪಿಂಚಣಿ ಇಲ್ಲದೆ ಬಿಡುಗಡೆಯಾದವರು ಒಂದು ಮಾತು ಗಮನದಲ್ಲಿಡಬೇಕು. ಅಂಥವರ ಸೇವಾ ಕಡತವನ್ನು 25 ವರ್ಷದ ನಂತರ ನಾಶಪಡಿಸಲು ಸೇನಾ ನಿಯಮಾವಳಿಯಲ್ಲಿ ಅವಕಾಶವಿದೆ. ಶಾಶ್ವತವಾಗಿ ಉಳಿಯುವುದು ‘ಲಾಂಗ್ ರೋಲ್’ ಎಂಬ ಸಂಕ್ಷಿಪ್ತ ದಾಖಲೆ. ‘ಕಡತ ಲಭ್ಯವಿಲ್ಲ’ ಎಂಬ ಉತ್ತರ ಬಂದರೆ ಲಾಂಗ್ ರೋಲ್ ಪ್ರತಿ ಕೇಳಿ. ಕಾಗದ ನಾಶವಾಗುವುದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1973ರ ಜುಲೈ 12ರಂದು ಹೊತ್ತಿದ ಬೆಂಕಿ 1.6 ಕೋಟಿಗೂ ಹೆಚ್ಚು ಸೈನಿಕರ ಕಡತಗಳನ್ನು ಸುಟ್ಟಿತು. ಅಲ್ಲಿ ಆಮೇಲೆ ಬೇರೆ ಕಚೇರಿಗಳ ಕಾಗದಗಳಿಂದ ಸೇವೆಯ ವಿವರಗಳನ್ನು ಮತ್ತೆ ಜೋಡಿಸಬೇಕಾಯಿತು. ನಮ್ಮ ಅರ್ಜಿದಾರನೂ ಅದನ್ನೇ ಮಾಡಬೇಕು.

ಹೆಜ್ಜೆ 5: ಸಾಕ್ಷ್ಯ ಜೋಡಿಸಿ, ಹೆಸರು ಸರಿಮಾಡಿಕೊಳ್ಳಿ

ಸಾಕ್ಷ್ಯಗಳಿಗೆ ಒಂದು ಶ್ರೇಣಿಯಿದೆ. ಡಿಸ್ಚಾರ್ಜ್ ಬುಕ್, ಪಾರ್ಟ್ ಟು ಆರ್ಡರ್, ಮೂವ್‌ಮೆಂಟ್ ಆರ್ಡರ್, ಸೇನಾ ಆಸ್ಪತ್ರೆಯ ಕಾಗದ ಇವು ಮೇಲಿನ ಪಂಕ್ತಿ. ಅದೇ ತುಕಡಿಯಲ್ಲಿದ್ದು ಪದಕ ಪಡೆದ ಸಹೋದ್ಯೋಗಿಯ ಪ್ರಮಾಣಪತ್ರ ಎರಡನೆಯದು. ಗುಂಪು ಫೋಟೊ, ಊರಿಗೆ ಬರೆದ ಪತ್ರ ಪೂರಕ ಮಾತ್ರ. ಇನ್ನೊಂದು ತೊಡಕು ಕನ್ನಡದ ಹೆಸರುಗಳದೇ. ಸಿದ್ದಲಿಂಗಯ್ಯ ಎಂಬ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಲ್ಲಿ ಬರೆಯಬಹುದು. ಊರಿನ, ತಂದೆಯ ಇನಿಶಿಯಲ್ ಒಂದು ಕಾಗದದಲ್ಲಿ ಮುಂದಿರುತ್ತದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಬಿಡಿಸಿ ಬರೆದಿರುತ್ತದೆ. ಅರ್ಜಿಯಲ್ಲಿ ಹೆಸರು ಡಿಸ್ಚಾರ್ಜ್ ಬುಕ್ಕಿನಲ್ಲಿ ಇರುವಂತೆಯೇ ಇರಲಿ. ಆಧಾರ್‌ನಲ್ಲಿ ಬೇರೆಯಿದ್ದರೆ ‘ಇಬ್ಬರೂ ಒಬ್ಬರೇ’ ಎಂಬ ಪ್ರಮಾಣಪತ್ರ ಲಗತ್ತಿಸಿ. ಸರ್ವಿಸ್ ನಂಬರ್ ಇಲ್ಲದ ಅರ್ಜಿ ಅರ್ಜಿಯೇ ಅಲ್ಲ. ಯೋಧ ತೀರಿಕೊಂಡಿದ್ದರೆ ಪತ್ನಿ ಕುಟುಂಬ ಪಿಂಚಣಿಯ ಪಿಪಿಒ ಮತ್ತು ಮರಣ ಪ್ರಮಾಣಪತ್ರದೊಂದಿಗೆ, ಆಕೆಯೂ ಇಲ್ಲದಿದ್ದರೆ ಮಕ್ಕಳು ಸಂಬಂಧದ ದಾಖಲೆಯೊಂದಿಗೆ ಬರೆಯಬೇಕು.

ಹೆಜ್ಜೆ 6: ಅರ್ಜಿ, ಕಾಯುವಿಕೆ, ನ್ಯಾಯಮಂಡಳಿ

ಅರ್ಜಿ ಒಂದೇ ಪುಟ ಇರಲಿ. ವಿಷಯದ ಸಾಲಿನಲ್ಲಿ ‘ಸೇವಾ ದಾಖಲೆಯಲ್ಲಿ ಬಿಟ್ಟುಹೋದ ಪದಕದ ನಮೂದು ಸೇರಿಸಿ ಪದಕ ನೀಡುವ ಬಗ್ಗೆ’ ಎಂಬ ಅರ್ಥ ಬರಲಿ. ಪ್ರತಿ ಪದಕಕ್ಕೂ ಒಂದು ಸಾಲು: ಪದಕ, ತುಕಡಿ, ಜಾಗ, ಎಂದಿನಿಂದ ಎಂದಿನವರೆಗೆ, ಲಗತ್ತಿನ ಸಂಖ್ಯೆ. ಮೂಲ ಕಾಗದ ಕಳುಹಿಸಬೇಡಿ. ಪ್ರತಿಗಳನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಜೋಪಾನ ಮಾಡಿ. ಒಂದು ಪ್ರತಿಯನ್ನು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೂ ಕೊಡಿ. ಇಲಾಖೆಯ ರಾಜ್ಯ ಕಚೇರಿ ರೆಸಿಡೆನ್ಸಿ ರಸ್ತೆಯ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಭವನದಲ್ಲಿದೆ. ಅರ್ಜಿ ತಿರಸ್ಕಾರವಾದರೆ ಆರು ತಿಂಗಳೊಳಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮೊರೆ ಹೋಗಬಹುದು. ಆರು ತಿಂಗಳಾದರೂ ಅಂತಿಮ ಆದೇಶವೇ ಬರದಿದ್ದರೆ, ಅಲ್ಲಿಂದ ಮುಂದಿನ ಆರು ತಿಂಗಳು ಗಡುವು. ತಡವಾದರೆ ತಕ್ಕ ಕಾರಣ ತೋರಿ ಮನ್ನಾ ಕೋರಲು 2007ರ ಕಾಯ್ದೆಯಲ್ಲಿ ಅವಕಾಶವಿದೆ. ಪೋಸ್ಟ್ ಆಫೀಸಿನ ಆ ಚೂರು ರಸೀದಿಯ ಬೆಲೆ ತಿಳಿಯುವುದು ಆಗ.

ಇಷ್ಟೆಲ್ಲ ಏತಕ್ಕೆ ಎಂಬ ಪ್ರಶ್ನೆ ಮನೆಯೊಳಗಿನಿಂದಲೇ ಬರುತ್ತದೆ. ಸೇವಾ ಪದಕಕ್ಕೆ ಶೌರ್ಯ ಪದಕದಂತೆ ಮಾಸಿಕ ಭತ್ಯೆ ಇಲ್ಲ; ನಿಜ. ಆದರೆ ಕಾರ್ಯಾಚರಣೆಯ ವಲಯದಲ್ಲಿದ್ದರೆಂದು ಹೇಳುವ ನಮೂದು ಪದಕದ ಪುಟದಲ್ಲಿ ತಪ್ಪಿದ್ದರೆ ಬೇರೆ ಪುಟಗಳಲ್ಲೂ ತಪ್ಪಿರಬಹುದು. ಗಾಯ, ಅಂಗವೈಕಲ್ಯಗಳ ಹಕ್ಕುಕೋರಿಕೆಯಲ್ಲಿ ಎಲ್ಲಿ, ಯಾವ ಸಂದರ್ಭದಲ್ಲಿ ಎಂಬುದೇ ಮುಖ್ಯ ಪ್ರಶ್ನೆ. ಇದು ಕಚೇರಿಯೇ ಮಾಡಬೇಕಿದ್ದ ಕೆಲಸವಲ್ಲವೇ ಎಂಬುದೂ ನಿಜ. ಆದರೆ ಯುದ್ಧದ ಪದಕ ಸ್ಥಾಪನೆಯಾಗುವುದು ಯುದ್ಧ ಮುಗಿದ ಮೇಲೆ. ಅಷ್ಟರಲ್ಲಿ ಒಬ್ಬ ಆಸ್ಪತ್ರೆಯಲ್ಲಿ, ಒಬ್ಬ ಬೇರೆ ತುಕಡಿಯಲ್ಲಿ, ಒಬ್ಬ ಬಿಡುಗಡೆಯಾಗಿ ಊರಿನಲ್ಲಿ. ಹೀಗೆ ಬಿಟ್ಟುಹೋದ ಹೆಸರನ್ನು ನೆನಪಿಸಬಲ್ಲವನು ಆ ಹೆಸರಿನವನೇ. ಕೊನೆಯದು, ಅಂಗಡಿಯಲ್ಲಿ ಅಂಥದ್ದೇ ಪದಕ ಕೊಳ್ಳಬಹುದಲ್ಲ ಎಂಬ ಮಾತು. ಕೊಳ್ಳಬಹುದು, ಎದೆಯ ಮೇಲೆ ಹೊಳೆಯುತ್ತದೆ ಕೂಡ. ಅದರಿಂದ ಡಿಸ್ಚಾರ್ಜ್ ಬುಕ್ಕಿನ ಖಾಲಿ ಸಾಲು ತುಂಬುವುದಿಲ್ಲ.

ಹೆಜ್ಜೆ 7: ಪದಕ ಬಂದಾಗ ಅಂಚು ಓದಿ

ಸೇನೆ ಕೊಡುವ ಪದಕದ ದಪ್ಪ ಅಂಚಿನ ಮೇಲೆ ಸಾಮಾನ್ಯವಾಗಿ ಸರ್ವಿಸ್ ನಂಬರ್, ಹುದ್ದೆ, ಹೆಸರು ಸಣ್ಣ ಅಕ್ಷರದಲ್ಲಿ ಕೊರೆದಿರುತ್ತವೆ. ಪೊಟ್ಟಣ ಬಿಚ್ಚಿದೊಡನೆ ಕನ್ನಡಕ ಹಾಕಿಕೊಂಡು ಅದನ್ನು ಡಿಸ್ಚಾರ್ಜ್ ಬುಕ್ಕಿನೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಿ. ಒಂದು ಅಂಕಿ ತಪ್ಪಿದ್ದರೂ ಆ ವಾರವೇ ಬರೆದು ತಿಳಿಸಿ. ಬಳಿಕ ಪದಕದ ಜತೆಗೆ ಬಂದ ಪತ್ರ, ಪಾರ್ಟ್ ಟು ಆರ್ಡರ್ ಸಂಖ್ಯೆ, ಡಿಸ್ಚಾರ್ಜ್ ಬುಕ್ಕಿನ ಪ್ರತಿ ಮೂರನ್ನೂ ಒಂದೇ ಕವರಿನಲ್ಲಿಟ್ಟು, ಮನೆಯಲ್ಲಿ ಇನ್ನೊಬ್ಬರಿಗೆ ಅದರ ಜಾಗ ತೋರಿಸಿಡಿ.