ಅಣ್ಣ ಆಡಿದ ಆಟ, ಅದರಡಿಯ ಹಳೆಯ ಬಣ್ಣ

ಪ್ರಶ್ನೆ: ಮೇಡಂ, ನನಗೆ 54 ವರ್ಷ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಶಿಕಾಗೊಗೆ ಹತ್ತಿರದ ಊರಿನಲ್ಲಿದ್ದೇನೆ. 1992ರಲ್ಲಿ ಓದಲು ಬಂದಾಗ ಅಣ್ಣನ ಅಪಾರ್ಟ್‌ಮೆಂಟಿನಲ್ಲೇ ಉಳಿದಿದ್ದೆ. ಶನಿವಾರ ರಾತ್ರಿ ಇಬ್ಬರೂ ಬಟ್ಟೆ ಒಗೆಯಲು ಲಾಂಡ್ರೊಮ್ಯಾಟಿಗೆ ಹೋಗುತ್ತಿದ್ದೆವು. ಅಲ್ಲೊಂದು ‘ಸ್ಟ್ರೀಟ್ ಫೈಟರ್ 2’ ವಿಡಿಯೊ ಗೇಮ್ ಮೆಷಿನ್ ಇತ್ತು. ಅದರಲ್ಲಿ ಅಣ್ಣ ಯಾವಾಗಲೂ ಆರಿಸುತ್ತಿದ್ದ ಪಾತ್ರ ಧಾಲ್ಸಿಮ್. “ನಮ್ಮೂರ ಜಾತ್ರೆಯ ಬೈರಾಗಿ ಇದ್ದ ಹಾಗಿದ್ದಾನೆ ಕಣೋ” ಎನ್ನುತ್ತಿದ್ದ. ಒಗೆಯಲು ತಂದ ಕ್ವಾರ್ಟರ್ ನಾಣ್ಯಗಳೆಲ್ಲ ಆಟಕ್ಕೆ ಖರ್ಚಾಗಿ, ಡ್ರೈಯರಿಗೆ ಕಾಸಿಲ್ಲದೆ ಹಸಿ ಬಟ್ಟೆ ಹೊತ್ತು ಮನೆಗೆ ಬಂದದ್ದೂ ಇದೆ. ಕಳೆದ ವರ್ಷ ಅಂಥದ್ದೇ ಒಂದು ಮೆಷಿನ್ನನ್ನು ಯಾರದೋ ಗ್ಯಾರೇಜಿನಿಂದ 350 ಡಾಲರಿಗೆ ತಂದು ನಮ್ಮ ಬೇಸ್‌ಮೆಂಟಿನಲ್ಲಿಟ್ಟೆ (ಅಣ್ಣ ತೀರಿಕೊಂಡು ಆಗ ಐದು ತಿಂಗಳಾಗಿತ್ತು). ಒರೆಸುವಾಗ ಪಕ್ಕದ ಸ್ಟಿಕರಿನ ಮೂಲೆ ಎದ್ದು ಬಂತು. ಕೆಳಗೆ ಬೇರೆಯದೇ ಬಣ್ಣ. ಹಿಂಬದಿಯ ನಂಬರ್ ಪಟ್ಟಿ ನೋಡಿದರೆ ಅದು ಮೂಲತಃ ವಿಲಿಯಮ್ಸ್ ಕಂಪನಿಯ ‘ಡಿಫೆಂಡರ್’, 1981ರದ್ದು! ಹಳೆಯ ಮೆಷಿನ್ ಸಂಗ್ರಹಿಸುವ ಹವ್ಯಾಸದವರು “ಮೂಲಕ್ಕೆ ತರಲೇಬೇಕು, ಕನ್ವರ್ಟ್ ಮಾಡಿದವರು ಅದನ್ನು ಕೊಂದಿದ್ದಾರೆ” ಎನ್ನುತ್ತಾರೆ. ಎಂಟು ತಿಂಗಳಿಂದ ಬಿಡಿಭಾಗಗಳ ಪಟ್ಟಿ ಮಾಡುತ್ತಿದ್ದೇನೆ. ಮೆಷಿನ್ ಇನ್ನೂ ಆನ್ ಮಾಡಿಲ್ಲ. ಹೆಂಡತಿ “ಒಂದೋ ಸರಿಮಾಡಿ, ಇಲ್ಲ ಯಾರಿಗಾದರೂ ಕೊಟ್ಟುಬಿಡಿ” ಎನ್ನುತ್ತಾಳೆ. ಅಣ್ಣನ ಮಗ ಆಡಲು ಬರುತ್ತೇನೆಂದು ಎರಡು ಸಲ ಕೇಳಿದ. ಏನೋ ನೆಪ ಹೇಳಿದೆ. ಸ್ಟಿಕರ್ ಕೀಳಲು ಕೈ ಬರುವುದಿಲ್ಲ, ಹಾಗೇ ಬಿಡಲೂ ಮನಸ್ಸು ಒಪ್ಪುವುದಿಲ್ಲ. ಒಂದು ಮರದ ಪೆಟ್ಟಿಗೆಗಾಗಿ ಈ ವಯಸ್ಸಿನಲ್ಲಿ ಇಷ್ಟು ಒದ್ದಾಡುವುದು ಹುಚ್ಚಲ್ಲವೇ?
– ಹೆಸರು ಬೇಡ

ಉತ್ತರ: ಹುಚ್ಚಲ್ಲ. ಆ ಮಾತನ್ನು ಮೊದಲು ಪಕ್ಕಕ್ಕಿಡೋಣ. ತೀರಿಕೊಂಡವರ ಕನ್ನಡಕದ ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ ವರ್ಷಗಟ್ಟಲೆ ಟಿ.ವಿ. ಮೇಲೇ ಇಟ್ಟುಕೊಂಡವರು, ಅಪ್ಪನ ಸ್ಕೂಟರನ್ನು ಮಾರಲೂ ಆಗದೆ ಓಡಿಸಲೂ ಆಗದೆ ಪ್ಲಾಸ್ಟಿಕ್ ಹೊದಿಸಿ ನಿಲ್ಲಿಸಿದವರು ನನ್ನ ಎದುರು ಬಂದು ಕೂತಿದ್ದಾರೆ. ನಿಮ್ಮದು ಅವರದ್ದಕ್ಕಿಂತ ಸ್ವಲ್ಪ ದೊಡ್ಡ ವಸ್ತು. ಬೇಸ್‌ಮೆಂಟಿನಲ್ಲಿ ಆಳೆತ್ತರಕ್ಕೆ ನಿಂತಿರುವುದರಿಂದ ಎಲ್ಲರ ಕಣ್ಣಿಗೂ ಬೀಳುತ್ತದೆ, ಅಷ್ಟೇ.

ಪತ್ರದಲ್ಲಿ ಒಂದು ವಿಷಯ ನನ್ನನ್ನು ತಡೆದು ನಿಲ್ಲಿಸಿತು. ಮೆಷಿನ್ನಿನ ಬೆಲೆ, ಕಂಪನಿ, ಇಸವಿ ಎಲ್ಲವನ್ನೂ ನೇರವಾಗಿ ಬರೆದ ನೀವು ಅಣ್ಣ ತೀರಿಕೊಂಡದ್ದನ್ನು ಆವರಣದೊಳಗೆ ಬರೆದಿದ್ದೀರಿ. ತಪ್ಪು ಹುಡುಕುತ್ತಿದ್ದೇನೆ ಎಂದುಕೊಳ್ಳಬೇಡಿ. ದೊಡ್ಡ ನೋವನ್ನು ಚಿಕ್ಕ ಜಾಗದಲ್ಲಿ ಮಡಚಿಡುವುದು ನಾವೆಲ್ಲ ಮಾಡುವ ಕೆಲಸ, ಅದರಲ್ಲೂ ಊರಿನಿಂದ ದೂರ ಇರುವವರು. ಹನ್ನೊಂದನೇ ದಿನ, ವೈಕುಂಠ ಸಮಾರಾಧನೆ ಎಂದು ನೆಂಟರು ತುಂಬಿದ ಮನೆಯಲ್ಲಿ ದುಃಖಕ್ಕೆ ತಾನಾಗಿ ಒಂದು ಜಾಗ ಸಿಗುತ್ತದೆ. ನಿಮ್ಮಲ್ಲಿ ಮೂರು ದಿನ ರಜೆ ಮುಗಿಸಿ ನಾಲ್ಕನೇ ದಿನ ಲ್ಯಾಪ್‌ಟಾಪ್ ತೆರೆದಿರುತ್ತೀರಿ. ಆಗ ಮನಸ್ಸು ತಾನೇ ಒಂದು ಕೆಲಸ ಹುಡುಕಿಕೊಳ್ಳುತ್ತದೆ. ನಿಮ್ಮ ಮನಸ್ಸಿಗೆ ಬಿಡಿಭಾಗಗಳ ಪಟ್ಟಿ ಸಿಕ್ಕಿತು. ಪಟ್ಟಿ ಮುಗಿಯದಿರುವಷ್ಟು ದಿನ ಏನನ್ನೂ ಮುಟ್ಟಬೇಕಿಲ್ಲ ನೋಡಿ.

ಈ ಮೆಷಿನ್‌ಗಳ ವಿಷಯದಲ್ಲಿ ನಾನು ದಡ್ಡಿ. ನಿಮ್ಮ ಪತ್ರ ಬಂದ ಮೇಲೆ ಎರಡು ದಿನ ಕೂತು ಓದಿದೆ. ಓದುತ್ತಾ ಹೋದಂತೆ “ಕೊಂದಿದ್ದಾರೆ” ಎಂಬ ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. 1982-83ರ ಹೊತ್ತಿಗೆ ಅಮೆರಿಕದಲ್ಲಿ ವಿಡಿಯೊ ಗೇಮಿನ ಭರಾಟೆ ಇಳಿಯಿತು. ಪೆಟ್ಟಿಗೆಗೆ ಬೀಳುವ ಚಿಲ್ಲರೆ ಕಡಿಮೆಯಾಯಿತು. ಹೊಸ ಮೆಷಿನ್ ಕೊಳ್ಳುವ ಶಕ್ತಿ ಅಂಗಡಿಗಳಲ್ಲಿ ಮೆಷಿನ್ ಇಟ್ಟು ಬದುಕುವವರಿಗೆ ಇರಲಿಲ್ಲ. ಅವರು ಕೊಳ್ಳುತ್ತಿದ್ದದ್ದು ಒಂದು ಕಿಟ್: ಹೊಸ ಆಟದ ಬೋರ್ಡ್, ತಲೆಯ ಮೇಲೆ ಬೆಳಗುವ ಹೆಸರಿನ ಫಲಕ, ಬಟನ್‌ಗಳು, ಪಕ್ಕಕ್ಕೆ ಅಂಟಿಸುವ ಸ್ಟಿಕರ್. ಹಳೆಯ ಪೆಟ್ಟಿಗೆಗೆ ಕಪ್ಪು ಬಣ್ಣ ಬಳಿದು, ಬಟನ್‌ಗೆ ತೂತು ಕೊರೆದು, ಮತ್ತೆ ಅಂಗಡಿಯ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. ಹಾಗೆ ಮಾಡದಿದ್ದರೆ ನಿಮ್ಮ ಡಿಫೆಂಡರ್ ಯಾವುದೋ ಕಸದ ಗುಡ್ಡೆಗೆ ಹೋಗಿ 40 ವರ್ಷವಾಗಿರುತ್ತಿತ್ತು. ಕೊರೆದವನಿಗೆ ಹೊಟ್ಟೆಪಾಡು. ಆ ಹೊಟ್ಟೆಪಾಡಿನಿಂದಲೇ ಪೆಟ್ಟಿಗೆ ಉಳಿಯಿತು. 1992ರಲ್ಲಿ ನೀವಿಬ್ಬರೂ ನಿಂತು ಆಡಿದ ಆ ಲಾಂಡ್ರೊಮ್ಯಾಟಿನ ಮೆಷಿನ್ನಿನ ಸ್ಟಿಕರ್ ಕೆಳಗೂ ಇನ್ನೇನಿತ್ತೋ, ಯಾರು ಬಲ್ಲರು?

ಇನ್ನೊಂದು ಕಥೆ ಓದಿ ನನಗೆ ನಗು ಬಂತು, ನಿಮಗೂ ಗೊತ್ತಿರಬಹುದು. ಜಪಾನಿನ ನಿಂಟೆಂಡೊ ಕಂಪನಿ ‘ರೇಡಾರ್ ಸ್ಕೋಪ್’ ಎಂಬ ಆಟದ 3,000ದಷ್ಟು ಮೆಷಿನ್‌ಗಳನ್ನು ಅಮೆರಿಕಕ್ಕೆ ಕಳಿಸಿತು; ಅವುಗಳಲ್ಲಿ ಸುಮಾರು 2,000 ಮಾರಾಟವಾಗದೆ ಉಗ್ರಾಣದಲ್ಲಿ ಉಳಿದವು. ಅವುಗಳೊಳಗೆ ತುಂಬಲೆಂದೇ ಶಿಗೆರು ಮಿಯಾಮೊಟೊ ಎಂಬ ಯುವಕನಿಂದ ಹೊಸ ಆಟ ಮಾಡಿಸಿದರು. ಅದೇ 1981ರ ‘ಡಾಂಕಿ ಕಾಂಗ್’. ಹಾಗೆ ಬದಲಾದ ಕೆಂಪು ಪೆಟ್ಟಿಗೆಗಳಿಗೆ ಈಗ ಸಂಗ್ರಹಕಾರರು ಹಾತೊರೆಯುತ್ತಾರಂತೆ. ಅವುಗಳನ್ನು ‘ಮೂಲಕ್ಕೆ ತರುತ್ತೇವೆ’ ಎಂದು ಯಾರಾದರೂ ಹೊರಟರೆ ಜನ ಹೊಡೆಯಲು ಬಂದಾರು!

ನಾನು ಈ ಅಂಕಣ ಬರೆಯುವ ಮೇಜು ಅಮ್ಮನ ಹೊಲಿಗೆ ಮೆಷಿನ್ನಿನದು. ಮೇಲಿನ ಮೆಷಿನ್ ಕೆಟ್ಟ ಮೇಲೆ ಅಪ್ಪ ಕಬ್ಬಿಣದ ಕಾಲುಗಳ ಮೇಲೆ ಹಲಗೆ ಕೂರಿಸಿದರು. ಯೋಚನೆ ಕಟ್ಟಿಕೊಂಡಾಗ ನನ್ನ ಪಾದ ಈಗಲೂ ಕೆಳಗಿನ ತುಳಿಗೆಯನ್ನು ತುಳಿಯುತ್ತದೆ. ಚಕ್ರ ಸುಮ್ಮನೆ ತಿರುಗುತ್ತದೆ. ಇದು ಹೊಲಿಗೆ ಮೆಷಿನ್ನೋ ಮೇಜೋ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಕೇಳಿದವರೂ ಇಲ್ಲ ಅನ್ನಿ.

ಹಾಗಾದರೆ ಡಿಫೆಂಡರಿನ ಋಣ? ಅದನ್ನೂ ತಳ್ಳಿಹಾಕುವುದಿಲ್ಲ. ಯೂಜೀನ್ ಜಾರ್ವಿಸ್ ಮುಂದಾಳಾಗಿ ರೂಪಿಸಿದ ಆಟ ಅದು. ನಿಮ್ಮ ಶಿಕಾಗೊ ಊರಿನ ಕಂಪನಿಯದೇ. ಒಂದು ಜಾಯ್‌ಸ್ಟಿಕ್, ಐದು ಬಟನ್. ಕಲಿಯುವುದೇ ಕಷ್ಟವೆಂದು ಹೆಸರಾಗಿತ್ತು. ಹಾಗಿದ್ದೂ 50 ಸಾವಿರಕ್ಕೂ ಹೆಚ್ಚು ಮೆಷಿನ್‌ಗಳು ಮಾರಾಟವಾದವು. ಈ ಸಂಖ್ಯೆಯನ್ನು ಬೇಕೆಂದೇ ಹೇಳುತ್ತಿದ್ದೇನೆ. ನಿಮ್ಮ ಬೇಸ್‌ಮೆಂಟಿನಲ್ಲಿರುವುದು ಈ ವಂಶದ ಕೊನೆಯ ಕುಡಿಯಲ್ಲ. ನೀವು ಅದನ್ನು ಹಾಗೇ ಬಿಟ್ಟರೂ ಡಿಫೆಂಡರ್ ಎಂಬ ಆಟ ಈ ಲೋಕದಿಂದ ಅಳಿಸಿಹೋಗುವುದಿಲ್ಲ. ಹವ್ಯಾಸದವರ ಕಳಕಳಿ ಪ್ರಾಮಾಣಿಕವಾದದ್ದೇ. ಅವರು ಎಷ್ಟೋ ಮೆಷಿನ್‌ಗಳು ಪುಡಿಯಾದದ್ದನ್ನು ಕಂಡವರು. ಆದರೆ ಅವರಿಗೆ ಕಾಣುವುದು ಸ್ಟಿಕರಿನ ಕೆಳಗಿನ ಬಣ್ಣ. ಆ ಸ್ಟಿಕರಿನ ಬೆಲೆ ಅವರಿಗೆ ತಿಳಿಯುವುದಾದರೂ ಹೇಗೆ? ನೀವು ಅವರಿಗೆ ಅಣ್ಣನ ವಿಷಯ ಹೇಳಿಲ್ಲ ಎಂದು ನನ್ನ ಊಹೆ.

ನನಗೆ ತೋರುವುದು ಇಷ್ಟು. ‘ಮೂಲ ಯಾವುದು’ ಎಂಬ ಪ್ರಶ್ನೆಗೆ ಮೆಷಿನ್ನಿನ ಲೆಕ್ಕದಲ್ಲಿ ಉತ್ತರ 1981. ನಿಮ್ಮ ಲೆಕ್ಕದಲ್ಲಿ 1992ರ ಒಂದು ಶನಿವಾರ ರಾತ್ರಿ. ಎರಡೂ ಸುಳ್ಳಲ್ಲ. ಒಂದನ್ನು ಆರಿಸಿದರೆ ಇನ್ನೊಂದಕ್ಕೆ ದ್ರೋಹ ಎಂದು ನೀವು ಹೆದರಿದ್ದೀರಿ; ಅದಕ್ಕೇ ಕೈ ಎರಡೂ ಕಡೆಗೆ ಹೋಗುತ್ತಿಲ್ಲ. ಈಗ ಆರಿಸಲೇಬೇಕಾದ ಒತ್ತಾಯವೂ ಇಲ್ಲ. ಆದರೆ ‘ಈಗ ಬೇಡ’ ಎಂಬುದನ್ನೇ ಒಂದು ತೀರ್ಮಾನವಾಗಿ ಹೆಂಡತಿಗೆ ಬಾಯಿಬಿಟ್ಟು ಹೇಳಬೇಕು. ಮನೆಯವರನ್ನು ದಣಿಸುವುದು ಮೆಷಿನ್ ಅಲ್ಲ, ಎಂಟು ತಿಂಗಳಿನ ‘ನೋಡೋಣ’. ಇಂಥ ತಾರೀಕಿನವರೆಗೆ ಹೀಗೇ ಇರಲಿ, ಆಮೇಲೆ ಇಬ್ಬರೂ ಕೂತು ಮಾತಾಡೋಣ ಎನ್ನಿ. ಯಾಕೆ ಎಂದು ಕೇಳಿದರೆ ಯಾಕೆ ಎಂದೂ ಹೇಳಿ.

ಅಲ್ಲಿಯವರೆಗೆ ಹಿಂದಕ್ಕೆ ಬರಲಾಗದ ಯಾವ ಕೆಲಸವನ್ನೂ ಮಾಡಬೇಡಿ. ಸ್ಟಿಕರ್ ಕೀಳುವುದು ಅಂಥದ್ದು. ಎಳೆದರೆ ಅಡಿಯ ಬಣ್ಣವೂ ಜೊತೆಗೆ ಎದ್ದು ಬರಬಹುದು. ಆಗ ಎರಡೂ ಹೋದವು. ಎದ್ದ ಮೂಲೆಯನ್ನು ಹಾಗೇ ಒತ್ತಿಟ್ಟು, ಎಲ್ಲ ಕಡೆಯಿಂದ ಫೋಟೊ ತೆಗೆದಿಡಿ. ಯಾವ ಭಾಗ ಬಿಚ್ಚಿದರೂ ಎಸೆಯದೆ ಡಬ್ಬದಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿ. ಮುಂದೊಂದು ದಿನ ಡಿಫೆಂಡರ್ ಆಗಿಸಬೇಕೆನಿಸಿದರೂ ಈಗಿನ ಬಟನ್ ಹಲಗೆಯನ್ನೂ ಬೋರ್ಡನ್ನೂ ಜೋಪಾನ ಮಾಡಿದರೆ ಮತ್ತೆ ಈ ಕಡೆಗೂ ಬರಬಹುದು. ಆ ದಾರಿ ಖರ್ಚಿನದು ಎಂಬುದೂ ನೆನಪಿರಲಿ. ಡಿಫೆಂಡರಿಗೆ ಬೇಕಾದದ್ದು ಒಂದು ಬೋರ್ಡಲ್ಲ, ಹಲವು. ಹಳೆಯ ಬೋರ್ಡ್ ಸಿಕ್ಕರೆ ಅದರ ಮೇಲಿನ ಮೂರು ಬ್ಯಾಟರಿಗಳು ಸೋರಿ ತಾಮ್ರದ ಗೆರೆಗಳನ್ನು ತಿಂದಿಲ್ಲ ತಾನೆ ಎಂದು ಮೊದಲು ನೋಡಬೇಕಂತೆ. ಪಟ್ಟಿಯ ಮನುಷ್ಯನಾದ ನಿಮಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಸಲಹೆಯಲ್ಲ, ಕಟ್ಟುನಿಟ್ಟು. ಹಿಂಬದಿಯ ಹಲಗೆ ತೆಗೆದು ಒಳಗೆ ಕೈ ಹಾಕಬೇಡಿ. ಹಳೆಯ ಬಣ್ಣದ ಟಿ.ವಿ.ಯಂತೆ ಅದರ ಪಿಕ್ಚರ್ ಟ್ಯೂಬಿಗೂ 20 ಸಾವಿರ ವೋಲ್ಟಿನ ಆಸುಪಾಸು ಬೇಕು. ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು. ಇಷ್ಟು ದಿನ ಸುಮ್ಮನಿದ್ದ ಮೆಷಿನ್ನನ್ನು ನೇರವಾಗಿ ಆನ್ ಮಾಡುವುದೂ ಬೇಡ. ಈ ಕೆಲಸ ಬಲ್ಲ ಟೆಕ್ನಿಷಿಯನ್‌ನನ್ನು ಮನೆಗೆ ಕರೆಸಿ, ವೈರಿಂಗ್, ಪವರ್ ಸಪ್ಲೈ ನೋಡಿಸಿ, ಅವರ ಕೈಯಲ್ಲೇ ಆನ್ ಮಾಡಿಸಿ. ಪಟ್ಟಿಯಲ್ಲಿ ಮೊದಲ ಸಾಲು ಇದಾಗಲಿ. ಉಳಿದವು ಕಾಯಲಿ.

ಇನ್ನೊಂದು ಸುಲಭದ ಕೆಲಸವಿದೆ. ನೀವು ಡಿಫೆಂಡರನ್ನು ಎಂದಾದರೂ ಆಡಿದ್ದೀರಾ? ಪತ್ರದಲ್ಲಿ ಆ ಮಾತೇ ಇಲ್ಲ. ನಿಮಗೆ ಹತ್ತಿರದ ಬ್ರೂಕ್‌ಫೀಲ್ಡಿನಲ್ಲಿ ‘ಗ್ಯಾಲಪಿಂಗ್ ಘೋಸ್ಟ್’ ಎಂಬ ಆರ್ಕೇಡ್ 2010ರಿಂದ ಇದೆ; ನೂರಾರು ಹಳೆಯ ಮೆಷಿನ್‌ಗಳು, ಬಾಗಿಲಲ್ಲಿ ಒಮ್ಮೆ ಹಣ ಕೊಟ್ಟರೆ ದಿನವಿಡೀ ಆಡಬಹುದು. ಡಿಫೆಂಡರ್ ಆಡಲು ಸಿಗುತ್ತದೆಯೇ ಎಂದು ಫೋನಿನಲ್ಲಿ ಕೇಳಿಕೊಂಡು ಒಂದು ಮಧ್ಯಾಹ್ನ ಹೋಗಿಬನ್ನಿ. ಆಟ ಮನಸ್ಸಿಗೆ ಹಿಡಿಸಿದರೆ ನಿಮ್ಮ ತಕ್ಕಡಿಗೆ ಒಂದು ನಿಜವಾದ ತೂಕದ ಕಲ್ಲು ಬಿತ್ತು. ಹಿಡಿಸದಿದ್ದರೆ, ನೀವು ಆಡದ ಆಟಕ್ಕಾಗಿ, ಇನ್ನೊಬ್ಬರ ಒಪ್ಪಿಗೆಗಾಗಿ, ನಿಮ್ಮ ಅಣ್ಣನ ಆಟವನ್ನು ಕಿತ್ತುಹಾಕಲು ಹೊರಟಿದ್ದಿರಿ ಎಂದಾಯಿತು. ಅಲ್ಲಿಗೆ ಒಬ್ಬರೇ ಹೋಗಬೇಡಿ. ಆ ಹುಡುಗನನ್ನು ಕರೆದುಕೊಂಡು ಹೋಗಿ.

ಹೌದು, ಅಣ್ಣನ ಮಗ. ಪತ್ರದಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಸಾಲು. ಎರಡು ಸಲ ಕೇಳಿದ್ದಾನೆ. ಮೂರನೇ ಸಲ ಕೇಳಲಿಕ್ಕಿಲ್ಲ. ಅವನು ಬಂದು ಬಟನ್ ಒತ್ತಿದರೆ ಏನಾದೀತೆಂದು ನಿಮಗೆ ಭಯ. ನೀವು ಅವನೆದುರು ಅತ್ತುಬಿಡಬಹುದು. ಅಳಿ. ಅಪ್ಪನಿಗಾಗಿ ಅಳುವ ಇನ್ನೊಬ್ಬ ಗಂಡಸನ್ನು ಅವನು ಈವರೆಗೆ ನೋಡಿಯೇ ಇಲ್ಲವೇನೋ.

ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಕೆಲಸಕ್ಕೆ ಕೂರಲಾಗದಿದ್ದರೆ ಅದನ್ನು ಬೇಸ್‌ಮೆಂಟಿನಲ್ಲಿ ಒಬ್ಬರೇ ಹೊರಬೇಡಿ. ನಿಮ್ಮ ಕಂಪನಿಯಲ್ಲಿ ನೌಕರರಿಗೆ ಆಪ್ತಸಲಹೆಯ ಸೌಲಭ್ಯ ಇದೆಯೇ ಎಂದು ಎಚ್.ಆರ್.ನವರನ್ನು ಕೇಳಿ. ನಿಮ್ಮಲ್ಲಿಯ ಬಹಳಷ್ಟು ಹಾಸ್ಪಿಸ್‌ಗಳು ಮನೆಯವರನ್ನು ಕಳೆದುಕೊಂಡವರಿಗಾಗಿ ಗುಂಪುಗಳನ್ನೂ ನಡೆಸುತ್ತವೆ. ಬದುಕೇ ಬೇಡವೆನಿಸಿದರೆ ಅಮೆರಿಕದಲ್ಲಿ ಯಾವ ಹೊತ್ತಿಗಾದರೂ 988ಕ್ಕೆ ಫೋನ್ ಮಾಡಬಹುದು. ಇಲ್ಲಿ ಓದುತ್ತಿರುವವರಿಗೆ, ಮೂಲೆಯಲ್ಲೊಂದು ಸ್ಕೂಟರನ್ನೋ ಟ್ರಂಕನ್ನೋ ಮುಚ್ಚಿಟ್ಟವರಿಗೆ, ಟೆಲಿ ಮಾನಸ್ ಇದೆ: 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಒಂದು ಕುತೂಹಲ. ‘ಸ್ಟ್ರೀಟ್ ಫೈಟರ್’ ಇಬ್ಬರಾಡುವ ಆಟ, ಎಡಕ್ಕೊಬ್ಬರು ಬಲಕ್ಕೊಬ್ಬರು ನಿಲ್ಲಬೇಕು. ನಿಮ್ಮಣ್ಣ ಯಾವ ಕಡೆ ನಿಲ್ಲುತ್ತಿದ್ದರು? ನೀವು ಬರೆದಿಲ್ಲ. ನನಗೆ ಬರೆಯಬೇಕಾಗಿಲ್ಲ, ಟೆಕ್ನಿಷಿಯನ್ ಬಂದು ಹೋದ ಮೇಲೆ, ಪರದೆ ಬೆಳಗಿದಾಗ, ಹುಡುಗನಿಗೆ ತೋರಿಸಿ. ಧಾಲ್ಸಿಮ್ ಬೆಂಕಿ ಉಗುಳಬೇಕಾದರೆ ಜಾಯ್‌ಸ್ಟಿಕ್ಕನ್ನು ಕೆಳಗಿನಿಂದ ಮುಂದಕ್ಕೆ ಹೊರಳಿಸಿ ಬಟನ್ ಗುದ್ದಬೇಕಂತೆ. ಅದನ್ನು ನಿಮಗೆ ಹೇಳಿಕೊಟ್ಟವರು ಯಾರೆಂದು ಅವನಿಗೆ ಹೇಳಿ.