ತಿರುವಿಗೊಂದು ದೀಪ

ಪ್ರಶ್ನೆ: ಸಕಲೇಶಪುರದ ತೋಟದ ಜೀಪಿಗೆ, ತಿರುವಿನಲ್ಲಿ ಪಕ್ಕದ ದಾರಿ ಕಾಣಲೆಂದು, ಎರಡು ಬದಿಗೂ ಲೈಟ್ ಹಾಕಿಸಿದೆ. ಇಂಡಿಕೇಟರ್ ಜೊತೆ ಮಿಟುಕುತ್ತದೆ. ಒಂದರ ಗಾಜು ಆಗಲೇ ಒಡೆದಿದೆ.

ಉತ್ತರ: ಇಂಡಿಕೇಟರ್ ವೈರಿನಿಂದಲೇ ಕರೆಂಟ್ ಕೊಟ್ಟಿದ್ದಾರೆ, ಮಿಟುಕದೆ ಇನ್ನೇನು! ಅದನ್ನು ಬಿಡಿಸಿ, ಬ್ಯಾಟರಿಯಿಂದ ಫ್ಯೂಸ್, ರಿಲೇ ಮೂಲಕ ಬೇರೆ ವೈರ್ ಎಳೆಸಿ. ಎಡಕ್ಕೊಂದು, ಬಲಕ್ಕೊಂದು ಸ್ವಿಚ್. 18 ವ್ಯಾಟಿನ ಎರಡು ಎಲ್‌ಇಡಿಗೆ 12 ವೋಲ್ಟಿನಲ್ಲಿ 3 ಆಂಪಿಯರ್ ಬೇಕು. 5 ಆಂಪಿಯರ್ ಫ್ಯೂಸ್ ಸಾಕು, ಬ್ಯಾಟರಿ ಪಕ್ಕದಲ್ಲೇ ಇರಲಿ. ಗಾಜು ಮತ್ತೆ ಒಡೆಯದಂತೆ ಲೈಟನ್ನು ಬಂಪರಿನ ಅಂಚಿನಿಂದ ಎರಡು ಬೆರಳು ಒಳಗೆ ಸರಿಸಿ, ಮುಂದೆ ಜಾಲರಿ ಹಾಕಿಸಿ. ಜಾಲರಿಗೆ ಕೆಸರು ಮೆತ್ತುತ್ತದೆ, ತೊಳೆಯುವ ಕೆಲಸ ನಿಮ್ಮದೇ. ಟೇಪ್ ಸುತ್ತಿದ ಜಾಯಿಂಟ್ ನಿಮ್ಮೂರಿನ ಮಳೆಗೆ ತಡೆಯದು. ವಾಟರ್‌ಪ್ರೂಫ್ ಕನೆಕ್ಟರ್ ಕೇಳಿ. ಫ್ಯೂಸ್ ಪದೇ ಪದೇ ಹೋದರೆ ದೊಡ್ಡದು ಹಾಕಬೇಡಿ, ಆಟೊ ಎಲೆಕ್ಟ್ರಿಷಿಯನ್ನಿಗೆ ತೋರಿಸಿ. ಡಾಂಬರು ರಸ್ತೆಗೆ ಬರುವ ಮುನ್ನ ಈ ಲೈಟುಗಳನ್ನು ಆರಿಸಿ, ಮುಚ್ಚಳ ಹಾಕಿ.