ನೀರಿನ ತಾಪ, ಮೀನಿನ ಸಹನೆ

ಮನುಷ್ಯನ ಶರೀರವು ಹೊರಗಣ ಬಿಸಿಲು ಚಳಿಗಳ ನಡುವೆಯೂ ತನ್ನ ಉಷ್ಣತೆಯನ್ನು ಒಂದೇ ಸಮನಾಗಿ ಕಾಪಾಡಿಕೊಳ್ಳುತ್ತದೆ. ಮೀನಿಗೆ ಆ ಶಕ್ತಿಯಿಲ್ಲ. ನೀರು ಎಷ್ಟು ಬಿಸಿಯೋ ಅದರ ಒಡಲೂ ಬಹುಮಟ್ಟಿಗೆ ಅಷ್ಟೇ ಬಿಸಿ. ಆದುದರಿಂದ ನೀರಿನ ತಾಪವೇರಿದರೆ ಮೀನಿಗೆ ಏಕಕಾಲದಲ್ಲಿ ಎರಡು ಸಂಕಟಗಳು ಒದಗುತ್ತವೆ. ಒಡಲು ಬಿಸಿಯಾದಂತೆ ಉಸಿರಾಟ ಬಿರುಸಾಗಿ, ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ನೀರಿನಲ್ಲಾದರೋ ಅದು ಕಡಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು; 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಬೇಡಿಕೆ ಏರಿದಾಗಲೇ ಭಂಡಾರ ಬರಿದಾಗುವುದೆಂದರೆ ಇದೇ.

ತಾಪವನ್ನು ತಾಳುವ ಶಕ್ತಿ ಎಲ್ಲ ಮೀನುಗಳಿಗೂ ಸಮಾನವಲ್ಲ. ಆಂಗ್ಲರು ನೀಲಗಿರಿಯ ತೊರೆಗಳಿಗೆ ತಂದು ಬಿಟ್ಟ ಟ್ರೌಟ್ ತಣ್ಣೀರಿನ ಜೀವಿ. ನೀರು 25 ಡಿಗ್ರಿ ಮುಟ್ಟಿದರೆ ಅದರ ಬಾಳು ಕಷ್ಟ. ನಮ್ಮ ಕೆರೆಗಳ ಕಾಟ್ಲಾ, ರೋಹು ಮೀನುಗಳು 30 ಡಿಗ್ರಿಯಲ್ಲಿಯೂ ಸುಖವಾಗಿ ಬೆಳೆಯುತ್ತವೆ. ನೀರು ಮೆಲ್ಲಮೆಲ್ಲನೆ ಬಿಸಿಯಾದರೆ ಮೀನಿನ ಒಡಲು ಅದಕ್ಕೆ ಒಗ್ಗಿ, ಸಹನೆಯ ಮೇರೆಯೂ ತುಸು ಮೇಲೇರುತ್ತದೆ. ಆದರೆ ನೀರಿನ ತಾಪ ಏರಿದಷ್ಟು ಆ ಮೇರೆ ಏರುವುದಿಲ್ಲ. ಹೀಗಾಗಿ ಒಗ್ಗಿದ ಮೀನು ಬದುಕಿದ್ದರೂ ಅಪಾಯದ ಅಂಚಿಗೆ ಮುಂಚಿಗಿಂತ ಹತ್ತಿರವಾಗಿರುತ್ತದೆ.

ಉತ್ತರ ಕನ್ನಡದ ಕೈಗಾ ಅಣುವಿದ್ಯುತ್ ಕೇಂದ್ರವು 2000ದಲ್ಲಿ ವಾಣಿಜ್ಯ ಮಟ್ಟದಲ್ಲಿ ವಿದ್ಯುತ್ ಪೂರೈಸತೊಡಗಿತು. ಯಂತ್ರಗಳನ್ನು ತಣಿಸಲು ಕಾಳಿ ನದಿಯ ಕದ್ರಾ ಜಲಾಶಯದಿಂದ ಪಡೆದ ನೀರು ಬೆಚ್ಚಗಾಗಿ ಅಲ್ಲಿಗೇ ಮರಳುತ್ತದೆ. ಬೆಚ್ಚನೆಯ ನೀರು ಹಗುರವಾದುದರಿಂದ ಮೇಲ್ಪದರದಲ್ಲಿ ಹರಡಿಕೊಳ್ಳುತ್ತದೆ. ಇಂಥ ಕಡೆ ದೊಡ್ಡ ಮೀನು ತಂಪನ್ನರಸಿ ಬೇರೆಡೆಗೆ ಈಜಬಲ್ಲುದು. ಮೊಟ್ಟೆಗೂ ಎಳೆಮರಿಗೂ ಆ ಸ್ವಾತಂತ್ರ್ಯವಿಲ್ಲ.

ಕೆಂಗೇರಿಯ ಮಗ್ಗುಲಲ್ಲಿ ಹರಿಯುವ ವೃಷಭಾವತಿಯ ಸಂಕಟ ಇನ್ನೊಂದು ಬಗೆಯದು. ಬಸವನಗುಡಿಯ ದೊಡ್ಡ ಬಸವನ ಪಾದದಡಿಯಲ್ಲಿ ಹುಟ್ಟುವಳೆಂದು ಜನ ನಂಬಿದ ಈ ನದಿಗೆ ಊರಿನ ಕೊಳಚೆ ಸೇರಿದೆ. ಕೊಳಚೆಯನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಹೀರುತ್ತವೆ. ಬೇಸಗೆಯ ತಾಪ ಅವುಗಳ ಕೆಲಸವನ್ನು ಮತ್ತಷ್ಟು ಚುರುಕುಗೊಳಿಸುತ್ತದೆ. ತಾಪವನ್ನು ಸಹಿಸಬಲ್ಲ ಮೀನಿಗೂ ಅಲ್ಲಿ ಉಸಿರಿಲ್ಲ.

ವಿದ್ಯಾರ್ಥಿಗಳು ಉಷ್ಣತಾಮಾಪಕವೊಂದನ್ನು ಹಿಡಿದು, ಹತ್ತಿರದ ಕೆರೆಯ ನೀರನ್ನು ಮುಂಜಾನೆಯೂ ನಡುಹಗಲೂ, ಮರದ ನೆರಳಿನಲ್ಲಿಯೂ ಬಯಲಿನಲ್ಲಿಯೂ ಅಳೆದು ಬರೆದಿಟ್ಟರೆ ಈ ಪಾಠ ಪುಸ್ತಕವಿಲ್ಲದೆಯೇ ಮನಸ್ಸಿಗೆ ನಾಟುವುದು. ದಡದ ಮರವನ್ನು ಉಳಿಸಿ, ಕೊಳಚೆಯನ್ನು ತಡೆದರೆ ನೀರು ತಂಪಾಗಿ ಉಸಿರಾಡೀತು. ಮೂಕಪ್ರಾಣಿಯ ಸಹನೆಗೂ ಒಂದು ಎಲ್ಲೆಯುಂಟು. ಅದನ್ನು ಅರಿತು ನಡೆಯುವುದು ಮನುಷ್ಯನ ಹೊಣೆ.